ಹೊಸ್ತಿಲಿಲ್ಲದ ಮನೆಗಳು

ನಮ್ಮಲ್ಲಿ ಚಾಕುವಿನ ಉಪಮೆಯೊಂದು ಬಹಳ ವರ್ಷಗಳಿಂದ ಚಾಲ್ತಿಯಲ್ಲಿದೆ. ಜುಮಾ ಬಯಾನಿನಲ್ಲಿ ಮೌಲಾನಾ ಹೇಳುತ್ತಾರೆ, ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿ ಹೇಳುತ್ತಾರೆ, ಶಾಂತಿ ಸಭೆಯಲ್ಲಿ ಪೊಲೀಸ್ ಅಧಿಕಾರಿ ಹೇಳುತ್ತಾರೆ: "ಚಾಕುವಿನಿಂದ ತರಕಾರಿಯನ್ನೂ ಹೆಚ್ಚಬಹುದು, ಕತ್ತನ್ನೂ ಕುಯ್ಯಬಹುದು. ಮೊಬೈಲ್ ಕೂಡ ಹಾಗೆಯೇ. ತಪ್ಪು ಮೊಬೈಲಿನದ್ದಲ್ಲ, ಬಳಸುವವನ ಮನಸ್ಸಿನದ್ದು." ಸಭಿಕರು ತಲೆಯಾಡಿಸುತ್ತಾರೆ. ನಾನೂ ಎಷ್ಟೋ ಸಲ ತಲೆಯಾಡಿಸಿದ್ದೇನೆ. ಕೇಳಲು ಹಿತವಾದ ಮಾತು, ಯಾರಿಗೂ ನೋವಾಗದ ಮಾತು. ಆದರೆ ಅದು ಸುಳ್ಳು. ಆ ಸುಳ್ಳಿನ ಬೆಲೆಯನ್ನು ನಮ್ಮ ನಡುವಿನ ಬಡವರು ತೆರುತ್ತಿದ್ದಾರೆ ಎಂಬುದಕ್ಕಾಗಿ ಈ ಲೇಖನ ಬರೆಯುತ್ತಿದ್ದೇನೆ.

ವಾಟ್ಸಾಪ್ ಗುಂಪು ಚಾಕುವಲ್ಲ. ಚಾಕುವನ್ನು ಒಬ್ಬನು ಕೈಯಲ್ಲಿ ಹಿಡಿಯುತ್ತಾನೆ, ಕೆಲಸ ಮುಗಿದ ಮೇಲೆ ಕೆಳಗಿಡುತ್ತಾನೆ. ಗುಂಪಿನೊಳಗೆ ನಾವು ವಾಸ ಮಾಡುತ್ತೇವೆ. ಅದು ಮನೆ. ಮನೆಯೆಂದ ಮೇಲೆ ಅದನ್ನು ಯಾರೋ ಕಟ್ಟಿರುತ್ತಾರೆ. ಬಾಗಿಲು ಎಷ್ಟು ಅಗಲವಿರಬೇಕು, ಯಾರು ಯಾರನ್ನು ಒಳಗೆ ಕರೆತರಬಹುದು, ಒಳಗೆ ಬಂದವನು ಸದ್ದಿಲ್ಲದೆ ಎದ್ದು ಹೋಗಬಹುದೇ, ತಪ್ಪು ಮಾತಾಡಿದವನು ಅದನ್ನು ಹಿಂದೆಗೆದುಕೊಳ್ಳಬಹುದೇ ಎಂಬುದನ್ನೆಲ್ಲ ನಾವು ಒಳಗೆ ಕಾಲಿಡುವ ಮೊದಲೇ ನಿರ್ಧರಿಸಿಯಾಗಿರುತ್ತದೆ. ಹಾಗೆ ಕಟ್ಟಿದವರು ನಮ್ಮನ್ನು ಒಂದು ಮಾತೂ ಕೇಳಿಲ್ಲ. ಆ ಮನೆಯೊಳಗೆ ಜಗಳವಾದಾಗ ಮಾತ್ರ ನಮ್ಮ ಮನಸ್ಸಿನ ಶುದ್ಧಿಯ ಬಗ್ಗೆ ಉಪದೇಶ ಮಾಡುತ್ತಾರೆ.

ಕಟ್ಟಡದ ಆಕಾರಕ್ಕೂ ಮನುಷ್ಯನ ನಡತೆಗೂ ಸಂಬಂಧವಿದೆ ಎಂಬುದನ್ನು ಬೆಂಗಳೂರು ದಕ್ಷಿಣದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1948ರಲ್ಲಿ ಸಿ. ರಾಜಗೋಪಾಲಾಚಾರಿಯವರು ಜಯನಗರಕ್ಕೆ ಅಡಿಗಲ್ಲು ಹಾಕಿದಾಗ, ಜನ ಬರುವ ಮೊದಲೇ ರಸ್ತೆ, ಉದ್ಯಾನ, ಮಾರುಕಟ್ಟೆಗಳಿಗೆ ಕಾಗದದ ಮೇಲೆ ಜಾಗ ಇಡಲಾಗಿತ್ತು. ಇಂದಿಗೂ ಜಯನಗರದ ಪಾರ್ಕುಗಳಲ್ಲಿ ಸಂಜೆ ಹೊತ್ತು ಅಪರಿಚಿತರು ಒಂದೇ ಬೆಂಚಿನಲ್ಲಿ ಕುಳಿತು ಹರಟುತ್ತಾರೆ. ಅಲ್ಲಿಂದ ಕೂಗಳತೆ ದೂರದ ಗುರಪ್ಪನಪಾಳ್ಯದ ಗಲ್ಲಿಗಳಲ್ಲಿ ಬೆಂಚು ಹಾಕಲು ಜಾಗವೇ ಇಲ್ಲ. ಜಯನಗರದವರು ಸ್ನೇಹಜೀವಿಗಳು, ಗುರಪ್ಪನಪಾಳ್ಯದವರು ಗಲಾಟೆಯವರು ಎಂದು ಇದರಿಂದ ತೀರ್ಮಾನಿಸುವವನು ಮೂರ್ಖ. ಒಬ್ಬರಿಗೆ ಕೂರಲು ಜಾಗ ಕೊಟ್ಟರು, ಇನ್ನೊಬ್ಬರಿಗೆ ಕೊಡಲಿಲ್ಲ, ಅಷ್ಟೆ. ಹಾಗೆಯೇ ಶಾಲೆಯ ಮುಂದೆ ಸ್ಕೂಟರುಗಳು ನಿಧಾನವಾಗಬೇಕಾದರೆ ಸವಾರರ ಮನಃಪರಿವರ್ತನೆ ಆಗಲಿ ಎಂದು ನಾವು ಕಾಯುವುದಿಲ್ಲ. ರಸ್ತೆಗೆ ಉಬ್ಬು ಹಾಕುತ್ತೇವೆ. ಒಳ್ಳೆಯವನೂ ಕೆಟ್ಟವನೂ ಅಲ್ಲಿ ಬ್ರೇಕ್ ಒತ್ತುತ್ತಾರೆ.

ಮೊಬೈಲಿನ ಲೋಕದಲ್ಲೂ ಇಂಥ ಉಬ್ಬುಗಳನ್ನು ಹಾಕಿದ ಚರಿತ್ರೆ ಇದೆ. ಅದರ ಮೊದಲ ಪಾಠ ಕಲಿತದ್ದು ಇದೇ ಬೆಂಗಳೂರು. 2012ರ ಆಗಸ್ಟ್ ತಿಂಗಳಲ್ಲಿ, ಅಸ್ಸಾಮಿನ ಕೊಕ್ರಝಾರ್ ಗಲಭೆಯ ಬೆನ್ನಿಗೆ, ರಂಜಾನ್ ಮುಗಿಯುತ್ತಲೇ ಈಶಾನ್ಯದವರ ಮೇಲೆ ದಾಳಿಯಾಗುತ್ತದೆ ಎಂಬ ಎಸ್‌ಎಂಎಸ್‌ಗಳು ಹರಿದಾಡಿದವು. ಎರಡು ಮೂರು ದಿನಗಳಲ್ಲಿ ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಗುವಾಹಟಿಯ ವಿಶೇಷ ರೈಲುಗಳನ್ನು ಹತ್ತಿದರು. ಬಿ.ಟಿ.ಎಂ. ಲೇಔಟಿನ ಹೋಟೆಲುಗಳಲ್ಲಿ ತಟ್ಟೆ ಎತ್ತುವವರಿರಲಿಲ್ಲ, ಗೇಟುಗಳಲ್ಲಿ ಕಾವಲುಗಾರರಿರಲಿಲ್ಲ. ಆಗ ಕೇಂದ್ರ ಸರ್ಕಾರ ಮಾಡಿದ್ದೇನು? ಒಂದು ಫೋನಿನಿಂದ ದಿನಕ್ಕೆ ಐದೇ ಎಸ್‌ಎಂಎಸ್ ಎಂದು ಮಿತಿ ಹಾಕಿತು. ಒರಟು ಕ್ರಮ, ಒಪ್ಪುತ್ತೇನೆ. ಆದರೆ ಮಾತಿನ ಅಪಾಯ ಅದರ ಅರ್ಥದಲ್ಲಿ ಮಾತ್ರವಲ್ಲ, ಅದು ಓಡುವ ವೇಗದಲ್ಲೂ ಇದೆ ಎಂದು ಸರ್ಕಾರವೇ ಅಂದು ಒಪ್ಪಿಕೊಂಡಿತು.

ಆರು ವರ್ಷದ ನಂತರ, 2018ರ ಮೇ 23ರಂದು ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೂಲಿಗೆ ಬಂದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನಿಂದ ಬಂದ ಗೆಳೆಯರ ತಂಡವೊಂದು ಶಾಲಾ ಮಕ್ಕಳಿಗೆ ಚಾಕಲೇಟ್ ಕೊಟ್ಟಿತು. ಅವರ ಕಾರು ಮುಂದಿನ ಊರು ಮುರ್ಕಿಯನ್ನು ತಲುಪುವ ಮೊದಲೇ ವಾಟ್ಸಾಪ್ ಸಂದೇಶ ಮುರ್ಕಿಯನ್ನು ತಲುಪಿತ್ತು. ರಸ್ತೆಗೆ ಅಡ್ಡ ಹಾಕಲಾಗಿತ್ತು. ಮೂವತ್ತೆರಡು ವರ್ಷದ ಎಂಜಿನಿಯರ್ ಒಬ್ಬರು ಅಲ್ಲಿ ಪ್ರಾಣ ಬಿಟ್ಟರು. ಕಾರಿಗಿಂತ ಸುಳ್ಳು ವೇಗವಾಗಿ ಓಡಿತು ಎಂಬುದನ್ನು ಗಮನಿಸಬೇಕು.

ಅದಾದ ಒಂದು ವಾರದೊಳಗೆ ವಾಟ್ಸಾಪ್ ಕಂಪನಿ ಭಾರತಕ್ಕಾಗಿ ಎರಡು ಬದಲಾವಣೆ ಪ್ರಕಟಿಸಿತು. ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಮುಂದೂಡಬಹುದು. ಚಿತ್ರ, ವಿಡಿಯೊಗಳ ಪಕ್ಕದಲ್ಲಿ ಬೆರಳು ತಾಕಿದರೆ ಮುಂದಕ್ಕೆ ಹೋಗುತ್ತಿದ್ದ ಆ ಪುಟ್ಟ ಬಾಣದ ಗುರುತು ಇನ್ನಿರುವುದಿಲ್ಲ. ದೇಶದ ಹಲವು ರಾಜ್ಯಗಳಲ್ಲಿ ಹೆಣಗಳು ಬಿದ್ದ ಮೇಲೆ ತೆಗೆದ ಬಾಣ ಅದು. 2020ರ ಏಪ್ರಿಲ್ ಮೊದಲ ವಾರದಲ್ಲಿ ಇನ್ನೊಂದು ಉಬ್ಬು ಬಂತು. ಬಹಳ ಸಲ ಮುಂದೂಡಲ್ಪಟ್ಟ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದೆಂಬ ನಿಯಮ. ಅಂಥ ಸಂದೇಶಗಳ ಸಂಚಾರ ಶೇಕಡಾ 70ರಷ್ಟು ಇಳಿಯಿತೆಂದು ಆ ತಿಂಗಳು ಮುಗಿಯುವುದರೊಳಗೆ ಕಂಪನಿಯೇ ಹೇಳಿಕೊಂಡಿತು.

ಚಾಕುವಿನ ಉಪಮೆ ಹೇಳುವವರನ್ನು ನಾನು ಕೇಳುತ್ತೇನೆ: ಆ ಮೂರು ವಾರಗಳಲ್ಲಿ ಮನುಷ್ಯರ ಮನಸ್ಸು ಶೇಕಡಾ 70ರಷ್ಟು ಶುದ್ಧವಾಯಿತೇ? ಮೌಲಾನಾ, ಸ್ವಾಮೀಜಿ, ಇನ್ಸ್‌ಪೆಕ್ಟರ್ ಎಲ್ಲರೂ ಆಗ ಲಾಕ್‌ಡೌನಿನಲ್ಲಿ ಮನೆಯೊಳಗಿದ್ದರು. ಉಪದೇಶಕ್ಕೆ ಸಭೆಗಳೇ ಇರಲಿಲ್ಲ. ಬದಲಾದದ್ದು ಕಾಲುವೆಯ ಅಗಲ. ಅಷ್ಟನ್ನು ಮಾಡಲು ಸಾಧ್ಯವಿತ್ತೆಂದ ಮೇಲೆ ಅದನ್ನು ಮೊದಲೇ ಏಕೆ ಮಾಡಲಿಲ್ಲ ಎಂಬ ಪ್ರಶ್ನೆಗೆ ಕಂಪನಿ ಉತ್ತರಿಸಬೇಕು. ಆ ಪ್ರಶ್ನೆಯನ್ನು ನಾವು ಕೇಳಲೇ ಇಲ್ಲ ಎಂಬುದಕ್ಕೆ ನಾವು ಉತ್ತರಿಸಬೇಕು.

ಇನ್ನು ನನ್ನ ಸ್ವಂತ ಅನುಭವ. ಚನ್ನಪಟ್ಟಣದಲ್ಲಿ ಏಳನೇ ತರಗತಿಯವರೆಗೆ ಉರ್ದು, ಅಲ್ಲಿಂದ ಮುಂದೆ ಕನ್ನಡದಲ್ಲಿ ಓದಿದ ನಾನು ಹದಿನೈದು ವರ್ಷಗಳಿಂದ ಜೆ.ಪಿ. ನಗರದಲ್ಲಿದ್ದೇನೆ. ನಮ್ಮ ಕಟ್ಟಡದ್ದೂ ಅಕ್ಕಪಕ್ಕದ ಬೀದಿಗಳದ್ದೂ ಸೇರಿ ಒಂದು ಗುಂಪಿದೆ. 2020ರಲ್ಲಿ ಅದರಲ್ಲಿ ಇನ್ನೂರ ಹದಿನೆಂಟು ಜನ. ಮುಸ್ಲಿಂ ಮನೆಗಳು ಎರಡು. ಹಾಲು ಎಷ್ಟು ಗಂಟೆಗೆ ಬರುತ್ತದೆ, ನೀರಿನ ಟ್ಯಾಂಕರ್ ಯಾವಾಗ, ಯಾವ ಔಷಧಿ ಅಂಗಡಿ ತೆರೆದಿದೆ ಎಂಬುದೆಲ್ಲ ಅದರಲ್ಲೇ ತಿಳಿಯಬೇಕು. ಆ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಅದರಲ್ಲಿ ಸೊಪ್ಪು ಮಾರುವವನೊಬ್ಬನ ಫೋಟೊ ಬಂತು. ತಳ್ಳುಗಾಡಿಯ ಪಕ್ಕ ನಿಂತಿದ್ದಾನೆ, ಮುಖದ ಮೇಲಿನ ವಸ್ತ್ರ ಕೆಳಗಿಳಿದಿದೆ, ಕೈಯಲ್ಲಿ ನೀರಿನ ಬಾಟಲಿ. ಕೆಳಗೆ ಅವನ ಹೆಸರು, ಮತ್ತೊಂದು ಸಾಲು: ಇವನು ಸೊಪ್ಪಿಗೆ ಉಗುಳುತ್ತಾನೆ, ಯಾರೂ ಕೊಳ್ಳಬೇಡಿ.

ಎಂಟು ವರ್ಷಗಳಿಂದ ನಮ್ಮ ಬೀದಿಗೆ ಬರುತ್ತಿದ್ದವನು. ಬಿಸಿಲಿನಲ್ಲಿ ನೀರು ಕುಡಿಯಲು ಮುಖವಸ್ತ್ರ ಇಳಿಸಿದ್ದ. ಅದನ್ನು ನಾನು ಕಣ್ಣಾರೆ ನೋಡಿದ್ದೆ. ಉತ್ತರವನ್ನು ನಾಲ್ಕು ಸಲ ಬರೆದೆ, ನಾಲ್ಕು ಸಲ ಅಳಿಸಿದೆ. ಅಷ್ಟರಲ್ಲಿ ನಲವತ್ತು ಹೆಬ್ಬೆರಳುಗಳು, ಮೂರು ಹೂಗುಚ್ಛ, ಹಾಲಿನ ಸಮಯ, ಒಂದು ಸುಭಾಷಿತ ಎಲ್ಲವೂ ಆ ಫೋಟೊದ ಮೇಲೆ ಹರಿದುಹೋದವು. ಮಾತಾಡಬೇಕಾದ ಕ್ಷಣ ಮೇಲಕ್ಕೆ ಸರಿದು ಕಣ್ಮರೆಯಾಯಿತು. ಗುಂಪು ಬಿಟ್ಟುಬಿಡೋಣ ಎಂದುಕೊಂಡೆ. ಆಗಿನ ಪದ್ಧತಿ ನಿಮಗೆ ನೆನಪಿರಬಹುದು. ಯಾರಾದರೂ ಬಿಟ್ಟರೆ "ಇಂಥವರು ಹೊರಹೋದರು" ಎಂದು ಎಲ್ಲರಿಗೂ ಕಾಣುವಂತೆ ಪರದೆಯ ನಡುವೆ ಬರುತ್ತಿತ್ತು. ಇನ್ನೂರ ಹದಿನೇಳು ಜನರಿಗೆ ನನ್ನ ಹೆಸರಿನ ಆ ಡಂಗುರ ಬೇಕಿರಲಿಲ್ಲ. ಹನ್ನೊಂದು ದಿನ ಸುಮ್ಮನಿದ್ದೆ. ಆ ಮೌನ ನನ್ನ ಹೇಡಿತನ. ಅದನ್ನು ಯಾವ ಕಂಪನಿಯ ತಲೆಗೂ ಕಟ್ಟುವುದಿಲ್ಲ. ಆದರೆ ಬಾಯಿ ತೆರೆಯಲೂ ಬಿಡದ, ಎದ್ದು ಹೋಗಲೂ ಬಿಡದ ಆ ಕೋಣೆಯನ್ನು ಕಟ್ಟಿದವರು ಯಾರು ಎಂದು ಕೇಳುವ ಹಕ್ಕು ಹೇಡಿಗೂ ಇದೆ.

ಫೋಟೊ ಹಾಕಿದವರು ಕೆಟ್ಟವರಲ್ಲ. ನನ್ನ ಮಗಳಿಗೆ ಜ್ವರ ಬಂದಾಗ ರಾತ್ರಿ ಹನ್ನೊಂದಕ್ಕೆ ಕಾರು ತೆಗೆದವರು. ಮೂರನೆಯ ದಿನ ನಿಜ ಸಂಗತಿ ಗೊತ್ತಾಗಿ ನನಗೆ ಫೋನ್ ಮಾಡಿ ಬೇಸರಪಟ್ಟರು. "ಅಳಿಸೋಣ ಎಂದರೆ ಆಗುತ್ತಿಲ್ಲ" ಎಂದರು. ನಿಜ. ಹಾಕಿದ ಸಂದೇಶವನ್ನು ಎಲ್ಲರ ಫೋನಿನಿಂದಲೂ ಅಳಿಸಲು 2017ರಲ್ಲಿ ಕೊಟ್ಟಿದ್ದ ಅವಧಿ ಏಳು ನಿಮಿಷ. ಆಮೇಲೆ ಅದು ಒಂದು ಗಂಟೆಗಿಂತ ತುಸು ಹೆಚ್ಚಾಯಿತು. ಎರಡು ದಿನ ದಾಟಿದ್ದು 2022ರಲ್ಲಿ. ಗುಂಪಿನ ಅಡ್ಮಿನ್‌ಗೆ ಬೇರೆಯವರ ಸಂದೇಶ ಅಳಿಸುವ ಅಧಿಕಾರ ಬಂದದ್ದೂ, ಸದ್ದಿಲ್ಲದೆ ಹೊರಹೋಗುವ ಅವಕಾಶ ಬಂದದ್ದೂ 2022ರಲ್ಲೇ. ನಮ್ಮ ಸೊಪ್ಪಿನವನ ಪಾಲಿಗೆ ಇವೆಲ್ಲ ಎರಡು ವರ್ಷ ತಡವಾಗಿ ಬಂದವು. ಪಶ್ಚಾತ್ತಾಪ ಪಡಲು ಒಂದೇ ಗಂಟೆ ಕೊಡುವ ಮನೆಯಲ್ಲಿ ಒಳ್ಳೆಯ ಮನಸ್ಸು ಇದ್ದೂ ಏನು ಮಾಡೀತು? "ನಾನು ಹಾಕಿದ್ದು ತಪ್ಪು" ಎಂದು ಒಂದು ಸಾಲು ಬರೆಯಬಹುದಿತ್ತು, ದಿಟ. ಅವರು ಬರೆಯಲಿಲ್ಲ. ತಪ್ಪೊಪ್ಪಿಗೆಗೆ ಆ ಗುಂಪಿನಲ್ಲಿ ಜಾಗವೂ ಇರಲಿಲ್ಲ, ರೂಢಿಯೂ ಇರಲಿಲ್ಲ.

ಮನೆಯನ್ನು ಬೇರೆ ರೀತಿ ಕಟ್ಟಲು ಬರುವುದಿಲ್ಲವೇ? ಬರುತ್ತದೆ. ಅದನ್ನೂ ನಾವೇ ಕಂಡಿದ್ದೇವೆ. 2021ರ ಏಪ್ರಿಲ್, ಮೇ ತಿಂಗಳಲ್ಲಿ ಉಸಿರಿಗಾಗಿ ಊರು ಒದ್ದಾಡುತ್ತಿದ್ದಾಗ, ಬನಶಂಕರಿ, ತಿಲಕ್‌ನಗರ, ಜೆ.ಪಿ. ನಗರದ ನಾವು ಹದಿನಾಲ್ಕು ಜನ ಆಮ್ಲಜನಕದ ಸಿಲಿಂಡರಿಗಾಗಿ ಒಂದು ಗುಂಪು ಮಾಡಿಕೊಂಡೆವು. ಇಬ್ಬರು ಕಾಲೇಜು ಹುಡುಗಿಯರು ಮೊದಲ ದಿನವೇ ಮೂರು ಕಟ್ಟಳೆ ಹಾಕಿದರು. ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳದ ನಂಬರ್ ಹಾಕಬಾರದು. ಹಾಕಿದ ನಂಬರಿನ ಮುಂದೆ ಖಾತ್ರಿ ಮಾಡಿದವರ ಹೆಸರು ಮತ್ತು ಸಮಯ ಇರಬೇಕು. ಸಿಲಿಂಡರ್ ಮುಗಿದ ಕೂಡಲೇ ಹಾಕಿದವರೇ ಬಂದು "ಮುಗಿಯಿತು" ಎಂದು ಬರೆಯಬೇಕು. ಆ ದಿನಗಳಲ್ಲಿ ಬೆಂಗಳೂರಿನ ಎಷ್ಟೋ ಗುಂಪುಗಳಲ್ಲಿ "ವೆರಿಫೈಡ್, ಸಂಜೆ 4.10" ಎಂಬಂಥ ಒಕ್ಕಣೆ ಕಾಣುತ್ತಿತ್ತು. ಜಾತಿಮತ ನೋಡದೆ ಹೆಣಗಳಿಗೆ ಅಂತ್ಯಸಂಸ್ಕಾರ ಮಾಡಿಸಿದ ಮರ್ಸಿ ಮಿಷನ್‌ನ ಸ್ವಯಂಸೇವಕರ ಓಡಾಟಕ್ಕೂ ಇವೇ ಫೋನುಗಳು ನೆರವಾದವು. ಸುದ್ದಿ ತಂದವನನ್ನು ನಂಬುವ ಮೊದಲು ವಿಚಾರಿಸಿ ಎಂಬ ಸೂರಃ ಹುಜುರಾತ್‌ನ ಆದೇಶವನ್ನು ನಾವು ಬಾಲ್ಯದಿಂದ ಕೇಳಿದ್ದೇವೆ. ಆ ಹುಡುಗಿಯರಲ್ಲಿ ಒಬ್ಬಳು ಬ್ರಾಹ್ಮಣರವಳು, ಇನ್ನೊಬ್ಬಳು ಕ್ರೈಸ್ತಳು. ನಾವು ಬಯಾನಿನಲ್ಲಿ ಕೇಳಿ ಮರೆತದ್ದನ್ನು ಅವರು ನಿಯಮ ಮಾಡಿ ತೋರಿಸಿದರು.

ಈಗ ಅದೇ ವಾರದ ಇನ್ನೊಂದು ಸಂಗತಿ ನೋಡಿ. ಮೇ 4ರಂದು ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅವರು ಶಾಸಕರ ಜೊತೆ ಆಗಿನ ಬಿಬಿಎಂಪಿಯ ದಕ್ಷಿಣ ವಲಯದ ಕೋವಿಡ್ ವಾರ್ ರೂಮಿಗೆ ಹೋಗಿ, ಹಾಸಿಗೆ ಹಂಚಿಕೆಯ ಅಕ್ರಮದ ಮಾತೆತ್ತಿ, ಅಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ ಇನ್ನೂರರಷ್ಟು ಸಿಬ್ಬಂದಿಯಲ್ಲಿ ಹದಿನಾರು ಹದಿನೇಳು ಮುಸ್ಲಿಂ ಹೆಸರುಗಳನ್ನು ಮಾತ್ರ ಓದಿದರು. ಕ್ಯಾಮೆರಾ ಎದುರಿನ ಆ ಓದು ಗಂಟೆಗಳಲ್ಲಿ ವಾಟ್ಸಾಪ್ ಪಟ್ಟಿಯಾಯಿತು. ಪಟ್ಟಿಯ ತಲೆಬರಹದಲ್ಲಿ ಆ ಹುಡುಗರು ಜನರನ್ನು ಕೊಲ್ಲುವ ಭಯೋತ್ಪಾದಕರಾದರು. ಕೆಲಸ ನಿಂತಿತು, ವಿಚಾರಣೆ ನಡೆಯಿತು. ಪೊಲೀಸರಿಗೆ ಅವರ ಕೈವಾಡ ಸಿಗಲಿಲ್ಲ.

ಒಂದೇ ವಾರ, ಒಂದೇ ಊರು, ಒಂದೇ ಆಪ್. ಸಿಲಿಂಡರಿನ ನಂಬರಿಗೆ ಖಾತ್ರಿ ಮಾಡಿದವರ ಹೆಸರಿತ್ತು, ಸಮಯವಿತ್ತು, ಮುಗಿಯಿತೆಂದು ಹೇಳುವ ಹೊಣೆಯಿತ್ತು. ಮನುಷ್ಯರ ಹೆಸರಿನ ಪಟ್ಟಿಗೆ ಇವು ಯಾವುವೂ ಇರಲಿಲ್ಲ. ಎರಡನ್ನೂ ಮುಂದೂಡಿದ ಕೈಗಳು ಕೆಲವೆಡೆ ಒಂದೇ ಇದ್ದವು, ಇದು ನನಗೆ ಗೊತ್ತು. ಬೆಳಿಗ್ಗೆ ಆಮ್ಲಜನಕ ಹುಡುಕಿ ಕೊಟ್ಟವರೇ ಸಂಜೆ ಆ ಪಟ್ಟಿಯನ್ನು ಇನ್ನೊಂದು ಗುಂಪಿಗೆ ದೂಡಿದ್ದರು. ಮನಸ್ಸು ಒಂದೇ, ಮನೆ ಬೇರೆ.

ಇದನ್ನೆಲ್ಲ ಅವರ ಗುಂಪುಗಳ ಮೇಲಿನ ದೂರಾಗಿ ಮಾತ್ರ ಓದಿಕೊಂಡು ನಮ್ಮವರು ಸಮಾಧಾನಪಡಬೇಕಾಗಿಲ್ಲ. ನಮ್ಮ ಮೊಹಲ್ಲಾ ಗುಂಪುಗಳು, ಜಮಾತಿನ ಗುಂಪುಗಳು ಯಾವ ಆಕಾರದಲ್ಲಿವೆ? ಊರು ಹೆಸರಿಲ್ಲದ ಮೌಲಾನಾನ ಧ್ವನಿಮುದ್ರಿಕೆ, ಯಾವುದೋ ದೇಶದ ಗಾಯಾಳುವಿನ ಚಿತ್ರ, ಕೆಳಗೆ ಬೆಂಗಳೂರಿನ ಹೆಸರು. 2020ರ ಆಗಸ್ಟ್ 11ರ ರಾತ್ರಿ ಪ್ರವಾದಿಯವರನ್ನು ಅವಹೇಳನ ಮಾಡಿದ ಒಂದು ಫೇಸ್‌ಬುಕ್ ಪೋಸ್ಟಿನಿಂದ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ಏನಾಯಿತು? ಶಾಸಕರ ಮನೆ ಸುಟ್ಟಿತು, ಠಾಣೆ ಸುಟ್ಟಿತು, ಗೋಲಿಬಾರಿನಲ್ಲಿ ನಮ್ಮ ಹುಡುಗರು ಸತ್ತರು, ನೂರಾರು ಜನ ಜೈಲು ಸೇರಿದರು. ಅದೇ ರಾತ್ರಿ ದೇವಸ್ಥಾನದ ಸುತ್ತ ಕೈಕೈ ಹಿಡಿದು ನಿಂತ ಹುಡುಗರೂ ನಮ್ಮವರೇ. ಉದ್ರೇಕವನ್ನು ಅರ್ಧ ಗಂಟೆ ತಡೆದು ನಿಲ್ಲಿಸುವ ಒಂದು ಮೆಟ್ಟಿಲು ಇದ್ದಿದ್ದರೆ ಎಷ್ಟು ತಾಯಂದಿರ ಮಕ್ಕಳು ಉಳಿಯುತ್ತಿದ್ದರು ಎಂದು ನಾವು ಯೋಚಿಸಿದ್ದೇವೆಯೇ? ಇನ್ನು ನಮ್ಮ ಜಮಾತಿನ ಎಷ್ಟು ಗುಂಪುಗಳಲ್ಲಿ ಹೆಂಗಸರಿದ್ದಾರೆ? ತಲಾಕ್, ಮಹರ್, ಹುಡುಗಿಯರ ಓದಿನ ಬಗ್ಗೆ ಇನ್ನೂರು ಗಂಡಸರು ದಿನವಿಡೀ ಚರ್ಚಿಸುತ್ತಾರೆ. ಯಾರ ಬಗ್ಗೆ ಚರ್ಚೆಯೋ ಅವರಿಗೆ ಒಳಗೆ ಪ್ರವೇಶವಿಲ್ಲ.

ಮೇಲೆ ಹೇಳಿದ ಎಲ್ಲ ಪ್ರಕರಣಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ಮನೆಗಳ ಮೂಲ ದೋಷ ಇಲ್ಲಿಯೇ ಇದೆ ಎಂದು ನನಗನಿಸುತ್ತದೆ. ಬಡಾವಣೆಯ ಗುಂಪಿನಲ್ಲಿ ಸೊಪ್ಪಿನವನಿಲ್ಲ, ಮನೆಗೆಲಸದವಳಿಲ್ಲ, ಕಾವಲುಗಾರನಿಲ್ಲ. ಅವರ ಫೋಟೊ ಇದೆ, ಹೆಸರಿದೆ, ತಡವಾಗಿ ಬಂದ ಲೆಕ್ಕವಿದೆ. ಗೇಟಿನ ಆಪ್‌ಗಳು ಕೆಲಸದಾಕೆ ಎಷ್ಟು ಗಂಟೆಗೆ ಒಳಬಂದಳೆಂದು ಬರೆದಿಡುತ್ತವೆ. ಮನೆಯವರು ಅವಳ ಸಂಬಳವನ್ನು ಎಷ್ಟು ದಿನ ತಡಮಾಡಿದರೆಂದು ಅವಳು ಬರೆದಿಡುವ ಜಾಗ ಎಲ್ಲಿದೆ? ಹಿಂದಿನ ಕಾಲದ ಅರಳಿಕಟ್ಟೆಯನ್ನು ನಾನು ಹೊಗಳುತ್ತಿಲ್ಲ. ಅಲ್ಲಿ ದಲಿತರಿಗೆ, ಹೆಂಗಸರಿಗೆ ಜಾಗವಿರಲಿಲ್ಲ. ಆದರೆ ಕಟ್ಟೆಗೆ ಗೋಡೆ ಇರಲಿಲ್ಲವಾದ್ದರಿಂದ ಯಾರು ಕೂತು ಯಾರ ಬಗ್ಗೆ ಆಡಿಕೊಳ್ಳುತ್ತಿದ್ದಾರೆಂದು ದಾರಿಹೋಕರಿಗಾದರೂ ಕಾಣುತ್ತಿತ್ತು. ಈಗ ಹೊರಗಿಡುವ ಕೆಲಸ ಹಾಗೆಯೇ ಮುಂದುವರಿದಿದೆ, ಕಾಣಿಸುವುದು ಮಾತ್ರ ನಿಂತಿದೆ.

ಮಿತಿ ಎಂದರೆ ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ಎನ್ನುವವರಿದ್ದಾರೆ. ಅವರ ಆತಂಕ ಸಣ್ಣದಲ್ಲ. ಮನೆ ಸರಿಯಿಲ್ಲವೆಂದು ಸರ್ಕಾರವನ್ನು ಕರೆದರೆ ಅದು ಊರಿಗೇ ಬೀಗ ಹಾಕುತ್ತದೆ. 2019ರ ಆಗಸ್ಟಿನಿಂದ ತಿಂಗಳುಗಟ್ಟಲೆ ಕಾಶ್ಮೀರದಲ್ಲಿ ಇಂಟರ್‌ನೆಟ್ ಇಲ್ಲದಂತೆ ಮಾಡಿದ್ದನ್ನು ಕಂಡಿದ್ದೇವೆ. ಅಡ್ಮಿನ್‌ನನ್ನು ಜೈಲಿಗೆ ಹಾಕಿ ಎನ್ನುವುದೂ ಉತ್ತರವಲ್ಲ. ಬೇರೆ ಸದಸ್ಯ ಹಾಕಿದ ಸಂದೇಶಕ್ಕೆ ಅಡ್ಮಿನ್ ಹೊಣೆಯಲ್ಲವೆಂದು 2022ರಲ್ಲಿ ಕೇರಳ ಹೈಕೋರ್ಟ್ ಹೇಳಿದ್ದು ಸರಿಯಾಗಿಯೇ ಇದೆ. ನಾನು ಕೇಳುತ್ತಿರುವುದು ಬೀಗವನ್ನಲ್ಲ, ಹೊಸ್ತಿಲನ್ನು. ಹೊಸ್ತಿಲು ಯಾರನ್ನೂ ತಡೆಯುವುದಿಲ್ಲ. ದಾಟುವವನು ಕಾಲೆತ್ತಿ ಇಡಬೇಕು, ಅಷ್ಟೆ. ಹಳೆಯ ದೆಹಲಿಯ ಮುಶಾಯಿರಾಗಳ ಬಗ್ಗೆ ನಮ್ಮ ಉರ್ದು ಮೇಷ್ಟ್ರು ಹೇಳುತ್ತಿದ್ದರು. ಶಮಾ ಯಾರ ಮುಂದೆ ಬರುತ್ತದೋ ಅವನೇ ಓದಬೇಕು, ಉಳಿದವರು ಕೇಳಬೇಕು. ಆ ಕವಿಗಳು ಸಂತರೇನಲ್ಲ, ಒಬ್ಬರನ್ನೊಬ್ಬರು ಹಂಗಿಸುವುದರಲ್ಲಿ ನಿಸ್ಸೀಮರು. ಮೇಣದ ಬತ್ತಿಯೊಂದು ಅವರನ್ನು ಸಾಲಿನಲ್ಲಿ ಕೂರಿಸುತ್ತಿತ್ತು.

ನಮ್ಮ ಕೈಯಲ್ಲೇ ಇರುವ ಬತ್ತಿಗಳನ್ನಾದರೂ ಹಚ್ಚೋಣ. ವಾರ್ಡಿಗೊಂದು ದೊಡ್ಡ ಗುಂಪಿನ ಬದಲು ಬೀದಿಗೊಂದು ಸಣ್ಣ ಗುಂಪು ಸಾಕು. ಮನುಷ್ಯರ ಫೋಟೊವನ್ನು ಅವರನ್ನು ಕೇಳದೆ ಹಾಕಬಾರದು. ಯಾರ ಮೇಲಾದರೂ ಆರೋಪ ಮಾಡಿದರೆ, ಸಿಲಿಂಡರಿನ ನಂಬರಿಗೆ ಬರೆದಂತೆ, ಖಾತ್ರಿ ಮಾಡಿದವರ ಹೆಸರು ಮತ್ತು ಸಮಯ ಬರೆಯಬೇಕು. ಆರೋಪ ಹೊತ್ತವನನ್ನು ಅದೇ ದಿನ ಒಳಗೆ ಕರೆದು ಮಾತಾಡಲು ಬಿಡಬೇಕು. ಸುಳ್ಳೆಂದು ತಿಳಿದರೆ ಹಾಕಿದವರೇ ಅದೇ ಜಾಗದಲ್ಲಿ ತಿದ್ದುಪಡಿ ಬರೆದು, ಒಂದು ವಾರ ಅದು ಎಲ್ಲಕ್ಕಿಂತ ಮೇಲೆ ಕಾಣುವಂತೆ ಇಡಬೇಕು. ಅಡ್ಮಿನ್‌ಗಿರಿ ಆರು ತಿಂಗಳಿಗೊಮ್ಮೆ ಬದಲಾಗಲಿ, ಬಾಡಿಗೆದಾರರಿಗೂ ಹೆಂಗಸರಿಗೂ ಬರಲಿ. ಇದಕ್ಕೆ ಯಾವ ಎಂಜಿನಿಯರೂ ಬೇಡ. ಉಳಿದದ್ದಕ್ಕೆ ಕಂಪನಿಯನ್ನು ಕೇಳಬೇಕು. ಸುಳ್ಳು ಹೋದ ದಾರಿಯಲ್ಲೇ ತಿದ್ದುಪಡಿಯೂ ಹೋಗುವ ಉಪಾಯವನ್ನು ನೀವೇಕೆ ಮಾಡಿಲ್ಲ? ಜಗತ್ತಿನ ದೊಡ್ಡ ಕಂಪನಿಗಳ ಸಾವಿರಾರು ಎಂಜಿನಿಯರುಗಳು ವಾಸವಿರುವುದು ಇದೇ ಜೆ.ಪಿ. ನಗರ, ಬಿ.ಟಿ.ಎಂ. ಲೇಔಟುಗಳಲ್ಲಿ. ಅವರು ನಮ್ಮ ನೆರೆಹೊರೆಯವರು, ಈ ಪ್ರಶ್ನೆಯನ್ನು ಅವರ ಮುಂದೆಯೂ ಇಡಬಹುದು.

ಸೊಪ್ಪಿನವನು ಆ ವರ್ಷ ಆಗಸ್ಟಿನಲ್ಲಿ ಮತ್ತೆ ಬಂದ. ನಮ್ಮ ಬೀದಿಗಲ್ಲ, ಎರಡು ಬೀದಿ ಆಚೆಗೆ. ಅಲ್ಲಿಗೇ ಹೋಗಿ ಕೊಳ್ಳುತ್ತೇನೆ. ಅವನ ಫೋಟೊ ಗುಂಪಿನಲ್ಲಿ ಹರಿದಾಡಿದ್ದು ಅವನಿಗೆ ಗೊತ್ತಿದೆಯೋ ಇಲ್ಲವೋ, ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ಮೊನ್ನೆ ನಮ್ಮ ಗುಂಪಿನ ಹಳೆಯ ಸಂದೇಶಗಳನ್ನು ಹಿಂದಕ್ಕೆ ಸರಿಸುತ್ತಾ ಹೋದೆ. ಫೋಟೊ ಅಲ್ಲೇ ಇದೆ, ಕೆಳಗೆ ಆ ಸಾಲೂ ಇದೆ, ನಲವತ್ತು ಹೆಬ್ಬೆರಳುಗಳೂ ಇವೆ. ಅದು ಸುಳ್ಳು ಎಂದು ಹೇಳುವ ಒಂದು ಸಾಲು ಮಾತ್ರ ಇರಲಿಲ್ಲ. ಈ ಲೇಖನವನ್ನು ಮುಗಿಸುವ ಮೊದಲು ಅದನ್ನು ಬರೆದಿದ್ದೇನೆ, ನನ್ನ ಹೆಸರು ಮತ್ತು ಸಮಯದ ಜೊತೆಗೆ.